ಮನೆಯ ಎಸಿ ಡಕ್ಟ್ ಕ್ಲೀನಿಂಗ್ ಸೇವೆ: ಕರಾವಳಿಯ ಪಸೆಯಲ್ಲಿ ಯಾವಾಗ ಬೇಕು, ಯಾವುದಕ್ಕೆ ದುಡ್ಡು ಕೊಡಬೇಕು

ಎಸಿ ಸರ್ವಿಸ್‌ಗೆಂದು ಬಂದವರು ಹೊರಡುವ ಹೊತ್ತಿಗೆ ಹೇಳುವ ಮಾತೊಂದಿದೆ: ‘ಡಕ್ಟ್ ಕ್ಲೀನಿಂಗ್ ಕೂಡ ಮಾಡಿಸಿಬಿಡಿ ಸಾರ್, ವರ್ಷಕ್ಕೊಮ್ಮೆ ಮಾಡಿಸ್ಲೇಬೇಕು.’ ಮಂಗಳೂರು, ಉಡುಪಿ, ಮಣಿಪಾಲದ ಕಡೆ ಫಾಲ್ಸ್ ಸೀಲಿಂಗ್ ಒಳಗೆ ಡಕ್ಟ್, ಅಂದರೆ ಗಾಳಿ ಸಾಗಿಸುವ ಕೊಳವೆ ಎಳೆಸಿ ಎಸಿ ಹಾಕಿಸಿಕೊಂಡವರಿಗೆ ಇದು ಹೊಸ ಮಾತಲ್ಲ. ಸೇವೆ ಒಳ್ಳೆಯದೇ. ಬೇಕಾದ ಹೊತ್ತಿಗೆ ಸರಿಯಾಗಿ ಮಾಡಿಸಿದರೆ ಮನೆಯ ಗಾಳಿ ನಿಜಕ್ಕೂ ಬದಲಾಗುತ್ತದೆ. ಆದರೆ ಕ್ಯಾಲೆಂಡರ್ ನೋಡಿ ಮಾಡಿಸುವ ಕೆಲಸ ಇದಲ್ಲ. ನಮ್ಮ ಕರಾವಳಿಯಲ್ಲಿ ಡಕ್ಟನ್ನು ಮೊದಲು ಕೆಡಿಸುವುದು ನೀರು. ಆ ನೀರು ಎಲ್ಲಿಂದ ಬಂತೆಂದು ಹುಡುಕದೆ ಡಕ್ಟನ್ನಷ್ಟೇ ಉಜ್ಜಿಸಿದರೆ ಮುಂದಿನ ಆಟಿ ತಿಂಗಳಿಗೆ (ಜುಲೈ–ಆಗಸ್ಟಿನ ಜಡಿಮಳೆಯ ತುಳು ತಿಂಗಳು) ಅದೇ ಮುಗ್ಗಲು ವಾಸನೆ ಮರಳಿ ಬಂದಿರುತ್ತದೆ.

ಶುರುವಿಗೇ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಗೋಡೆಗೆ ತೂಗುಹಾಕಿದ ಸ್ಪ್ಲಿಟ್ ಎಸಿ ಮಾತ್ರ ಇರುವ ಮನೆಯಲ್ಲಿ ಡಕ್ಟೇ ಇಲ್ಲ. ಅಲ್ಲಿ ಗೋಡೆ ದಾಟಿ ಹೋಗುವುದು ತಾಮ್ರದ ಪೈಪು, ವೈರು ಮತ್ತು ನೀರು ಹೋಗುವ ಡ್ರೈನ್ ಪೈಪು. ಅಂಥ ಮನೆಗೆ ಬೇಕಾದದ್ದು ಕಾಯಿಲ್ (ಗಾಳಿಯನ್ನು ತಣ್ಣಗಾಗಿಸುವ ರೆಕ್ಕೆಗಳ ಭಾಗ), ಬ್ಲೋವರ್ (ಗಾಳಿ ತಳ್ಳುವ ಫ್ಯಾನ್), ಟ್ರೇ (ಕಾಯಿಲಿನ ನೀರು ಬೀಳುವ ತಟ್ಟೆ) ತೊಳೆಯುವ ಸರ್ವಿಸ್. ಅಡುಗೆಮನೆಯ ಚಿಮಣಿಯ 6 ಇಂಚಿನ ಕೊಳವೆ ಕೂಡ ಬೇರೆಯೇ ಲೆಕ್ಕ. ಮೀನು ಕರಿದ ತೆಂಗಿನೆಣ್ಣೆಯ ಜಿಡ್ಡು ಹಿಡಿದ ಆ ಅಲ್ಯುಮಿನಿಯಂ ಕೊಳವೆಯನ್ನು ಉಜ್ಜುವುದಕ್ಕಿಂತ ಬದಲಾಯಿಸುವುದೇ ಸುಲಭ. ಇಲ್ಲಿ ಹೇಳುತ್ತಿರುವುದು ಒಂದೇ ಒಳಯಂತ್ರದಿಂದ ತಂಪು ಗಾಳಿ ಜಿಐ ಶೀಟಿನ (ಸತು ಲೇಪಿಸಿದ ತಗಡಿನ) ಪೆಟ್ಟಿಗೆ ಡಕ್ಟಿನಲ್ಲೋ ಫ್ಲೆಕ್ಸಿಬಲ್ ಡಕ್ಟಿನಲ್ಲೋ ಹರಿದು ಕೋಣೆಕೋಣೆಯ ಗ್ರಿಲ್ಲಿಗೆ ಬರುವ ವ್ಯವಸ್ಥೆಯ ಬಗ್ಗೆ.

ನೀರು ಬರುವುದು ಹೇಗೆಂದು ತಿಳಿದರೆ ಉಳಿದ ನಿರ್ಧಾರಗಳೆಲ್ಲ ಸಲೀಸು. ಫ್ರಿಜ್ಜಿನಿಂದ ತೆಗೆದ ಸ್ಟೀಲ್ ಚೊಂಬನ್ನು ಮೇಜಿನ ಮೇಲಿಟ್ಟರೆ ಎರಡೇ ನಿಮಿಷಕ್ಕೆ ಮೈಯೆಲ್ಲ ಬೆವರುತ್ತದಲ್ಲ, ಡಕ್ಟಿನ ಕತೆಯೂ ಅದೇ. ಎಪ್ರಿಲ್–ಮೇ ತಿಂಗಳ ಸೆಕೆಯಲ್ಲಿ ಹೊರಗೆ 32 ಡಿಗ್ರಿ ಉಷ್ಣಾಂಶ, ಶೇ. 70 ತೇವಾಂಶ ಇದ್ದರೆ, 26 ಡಿಗ್ರಿಗಿಂತ ತಣ್ಣಗಿರುವ ಯಾವ ಮೈಯ ಮೇಲೂ ನೀರು ಕೂರುತ್ತದೆ. ಮಳೆಗಾಲದಲ್ಲಿ 27 ಡಿಗ್ರಿ, ಶೇ. 90 ತೇವಾಂಶ ಇದ್ದಾಗ ಆ ಮಿತಿ 25ರ ಆಸುಪಾಸಿನಲ್ಲಿರುತ್ತದೆ. ಡಕ್ಟಿನೊಳಗೆ ಹರಿಯುವ ಗಾಳಿಯೋ 12ರಿಂದ 15 ಡಿಗ್ರಿಯದು. ಅಂದರೆ ಇನ್ಸುಲೇಷನ್ ಒಂದು ಬೆರಳಗಲ ಬಿಟ್ಟುಕೊಂಡರೂ ಸಾಕು, ಆ ಜಾಗ ದಿನವಿಡೀ ತೊಟ್ಟಿಕ್ಕುತ್ತದೆ. ಬೆಂಗಳೂರಿನ ಒಣ ಹವೆಯಲ್ಲಿ ವರ್ಷಗಟ್ಟಲೆ ಏನೂ ಆಗದೆ ನಡೆಯುವ ಕೆಲಸಗಾರಿಕೆ ಇಲ್ಲಿ ಒಂದೇ ಮಳೆಗಾಲಕ್ಕೆ ಬಣ್ಣ ಬಿಡುವುದು ಇದೇ ಕಾರಣಕ್ಕೆ.

ಬೆವರುವ ಜಾಗಗಳೂ ಹೆಚ್ಚುಕಮ್ಮಿ ಗೊತ್ತಿರುವಂಥವೇ. ಡಕ್ಟು ಗ್ರಿಲ್ಲಿನ ಕುತ್ತಿಗೆಗೆ ಸೇರುವ ಕಾಲರ್, ಎರಡು ತುಂಡು ಡಕ್ಟುಗಳ ಫ್ಲ್ಯಾಂಜ್ ಜೋಡಣೆ, ತೂಗುರಾಡಿನ ಪಟ್ಟಿ ಒತ್ತಿ ಇನ್ಸುಲೇಷನ್ ಚಪ್ಪಟೆಯಾದ ಜಾಗ, ಒಳಯಂತ್ರಕ್ಕೂ ಡಕ್ಟಿಗೂ ನಡುವಿನ ಕ್ಯಾನ್ವಾಸ್ ತೋಳು. ಇನ್ಸುಲೇಷನ್ ಯಾವುದು ಎಂಬುದೂ ಮುಖ್ಯ. ಕಪ್ಪು ನೈಟ್ರೈಲ್ ರಬ್ಬರಿನ ರಂಧ್ರಗಳು ಮುಚ್ಚಿಕೊಂಡಿರುವುದರಿಂದ ಅದು ನೀರು ಕುಡಿಯುವುದಿಲ್ಲ. ಕರಾವಳಿಗೆ ಅದೇ ಸರಿ. ಅಲ್ಯುಮಿನಿಯಂ ಹಾಳೆ ಹೊದೆಸಿದ ಗ್ಲಾಸ್ ವುಲ್ ಇದ್ದರೆ, ಹಾಳೆ ಎಲ್ಲಾದರೂ ಹರಿದೊಡನೆ ಒಳಗಿನ ಉಣ್ಣೆ ಚಂಡಿಯಾಗುತ್ತದೆ, ಒಮ್ಮೆ ಚಂಡಿಯಾದದ್ದು ಫಾಲ್ಸ್ ಸೀಲಿಂಗಿನ ಒಳಗೆ ತಾನಾಗಿ ಒಣಗುವುದಿಲ್ಲ. ತೇವ ಹೀರಿದ ಗ್ಲಾಸ್ ವುಲ್ ಶಾಖ ತಡೆಯುವುದನ್ನೇ ಬಿಡುತ್ತದೆ. ಆಮೇಲೆ ಇನ್ನಷ್ಟು ಬೆವರು, ಇನ್ನಷ್ಟು ತೇವ.

ಹೊರಮೈ ಬೆವರಿದರೆ ಕೆಡುವುದು ಜಿಪ್ಸಮ್ ಬೋರ್ಡು. ಒಳಮೈ ಕೆಡುವುದಕ್ಕೆ ಬೇರೆ ದಾರಿಯಿದೆ. ಕಾಯಿಲ್ ದಾಟಿದ ಗಾಳಿ ತೇವದಿಂದ ತುಂಬಿಯೇ ಇರುತ್ತದೆ. ಕಾಯಿಲಿನ ರೆಕ್ಕೆಗಳ ನಡುವೆ ಕೊಳೆ ಕಟ್ಟಿಕೊಂಡಿದ್ದರೆ ಗಾಳಿ ಉಳಿದ ಸಂದುಗಳಲ್ಲಿ ಜೋರಾಗಿ ನುಗ್ಗಿ ಹನಿಗಳನ್ನೇ ಹೊತ್ತೊಯ್ಯುತ್ತದೆ. ಹಾಗಾಗಿ ಬೂಷ್ಟು ಮೊದಲು ಹಿಡಿಯುವುದು ಒಳಯಂತ್ರದಿಂದಾಚೆ ಮೊದಲ ನಾಲ್ಕೈದು ಅಡಿಯಲ್ಲಿ, ಅದರಲ್ಲೂ ಸದ್ದು ತಗ್ಗಿಸಲೆಂದು ಒಳಗಡೆ ಗ್ಲಾಸ್ ವುಲ್ ಅಂಟಿಸಿದ ಪ್ಲೀನಮ್ಮಿನಲ್ಲಿ, ಅಂದರೆ ಯಂತ್ರದ ಬಾಯಿಗೆ ಸೇರಿಕೊಂಡ ಪೆಟ್ಟಿಗೆಯಲ್ಲಿ. ಕೋಣೆಯ ಗ್ರಿಲ್ಲಿನಿಂದ ಕ್ಯಾಮೆರಾ ತೂರಿಸಿ ‘ನೋಡಿ, ಕ್ಲೀನಾಗಿದೆ’ ಎಂದು ತೋರಿಸಿದರೆ ಅರ್ಧ ಮಾತ್ರ ನೋಡಿದಂತೆ. ಯಂತ್ರದ ಬಾಯಿಯ ಹತ್ತಿರದ ಆ ನಾಲ್ಕೈದು ಅಡಿ ನೋಡದ ತಪಾಸಣೆಗೆ ಅರ್ಥವಿಲ್ಲ.

ರಿಮೋಟಿನ ಒಂದು ಅಭ್ಯಾಸವೂ ಇದಕ್ಕೆ ಸೇರಿಕೊಳ್ಳುತ್ತದೆ. ಫ್ಯಾನನ್ನು ಆಟೋದಲ್ಲಿ ಇಡದೆ ಸದಾ ಓಡುವಂತೆ ಇಟ್ಟರೆ, ಕಂಪ್ರೆಸರ್ ನಿಂತಾಗ ಕಾಯಿಲಿನ ಮೇಲೆ ಉಳಿದ ನೀರು ಮತ್ತೆ ಆವಿಯಾಗಿ ಡಕ್ಟಿಗೂ ಕೋಣೆಗೂ ಹೋಗುತ್ತದೆ. ಯಂತ್ರ ಹಿಡಿದ ನೀರನ್ನು ಯಂತ್ರವೇ ವಾಪಸ್ಸು ಕೊಟ್ಟಂತೆ. ಕೋಣೆಗೆ ಬೇಕಾದದ್ದಕ್ಕಿಂತ ದೊಡ್ಡ ಟನ್ನಿನ ಎಸಿ ಹಾಕಿಸಿದರೂ ಇದೇ ಪಾಡು: ಗಾಳಿ ಬೇಗ ತಣ್ಣಗಾಗಿ ಕಂಪ್ರೆಸರ್ ನಿಲ್ಲುತ್ತದೆ, ತೇವ ತೆಗೆಯುವಷ್ಟು ಹೊತ್ತು ಯಂತ್ರ ಓಡಿರುವುದಿಲ್ಲ. ಮನೆ ತಣ್ಣಗೆ, ಆದರೆ ಅಂಟಂಟು.

ಹಾಗಾದರೆ ಕ್ಲೀನಿಂಗ್ ಮಾಡಿಸಬೇಕಾದದ್ದು ಯಾವಾಗ? ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಮನೆಯವರಿಗೆ ಹೇಳುವುದು ಸ್ಪಷ್ಟವಾಗಿದೆ: ವಾಡಿಕೆಯಂತೆ ಮಾಡಿಸುವುದು ಬೇಡ, ಅಗತ್ಯ ಬಿದ್ದಾಗ ಮಾಡಿಸಿ. ಅಗತ್ಯವೆಂದರೆ ಡಕ್ಟಿನ ಒಳಗೋ ಯಂತ್ರದ ಇತರ ಭಾಗಗಳಲ್ಲೋ ಕಣ್ಣಿಗೆ ಕಾಣುವಷ್ಟು ಬೂಷ್ಟು, ಇಲಿ ಅಥವಾ ಹುಳಗಳ ವಾಸ, ಇಲ್ಲವೇ ಗ್ರಿಲ್ಲಿನಿಂದ ಧೂಳು ಕೋಣೆಗೆ ಉದುರುವಷ್ಟು ಕಸ. ಡಕ್ಟ್ ಕ್ಲೀನಿಂಗ್ ಕಾಯಿಲೆಗಳನ್ನು ತಡೆಯುತ್ತದೆ ಎಂಬುದು ಸಾಬೀತಾಗಿಲ್ಲ ಎಂದೂ ಆ ಸಂಸ್ಥೆ ಹೇಳುತ್ತದೆ. ಅಲ್ಲಿನ ಡಕ್ಟ್ ಕ್ಲೀನಿಂಗ್ ಉದ್ಯಮದವರ ಸಂಘ ನಾಡ್ಕಾ ಕೂಡ ಸಾಮಾನ್ಯವಾಗಿ 3ರಿಂದ 5 ವರ್ಷಕ್ಕೊಮ್ಮೆ ಎನ್ನುತ್ತದೆ. ಕೆಲಸ ಮಾರುವವರ ಸಂಘವೇ ಅಷ್ಟು ಅಂತರ ಕೊಡುವಾಗ ವರ್ಷಕ್ಕೊಮ್ಮೆ ಎಂಬ ಮಾತಿಗೆ ಬಲವಿಲ್ಲ.

ನಮ್ಮ ಊರಿಗೆ ಇನ್ನೆರಡು ಸಂದರ್ಭ ಸೇರಿಸಿಕೊಳ್ಳಬೇಕು. ಒಂದು, ಮಳೆನೀರು ಡಕ್ಟಿನೊಳಗೆ ಇಳಿದಾಗ. ತಾರಸಿಯ ಶೀಟಿನ ಮಾಡಿನಿಂದಲೋ ಹಂಚಿನ ಸಂದಿನಿಂದಲೋ ಗಾಳಿಮಳೆಗೆ ಎರಚಲು ಬಿದ್ದರೆ 24ರಿಂದ 48 ಗಂಟೆಯೊಳಗೆ ಒಣಗಿಸಬೇಕು. ಅದು ದಾಟಿದರೆ ಬೂಷ್ಟು ಹಿಡಿಯಿತೆಂದೇ ಲೆಕ್ಕ. ಇನ್ನೊಂದು, ಹೊಸ ಮನೆಯ ಒಕ್ಕಲು. ಗ್ರಿಲ್ಲಿನ ಬಾಯಿಗೆ ಪ್ಲಾಸ್ಟಿಕ್ ಕಟ್ಟದೆ ಜಿಪ್ಸಮ್ ಉಜ್ಜಿದ್ದರೆ, ಗ್ರಾನೈಟ್ ಕೊಯ್ದಿದ್ದರೆ, ಮುರಕಲ್ಲಿನ ಗೋಡೆ ಒಡೆದಿದ್ದರೆ, ಆ ಪುಡಿಯೆಲ್ಲ ಡಕ್ಟಿನ ತಳದಲ್ಲಿ ಕೂತಿರುತ್ತದೆ. ಪಸೆ ಸೇರಿದ ಮೇಲೆ ಅದು ಗಾರೆಯಂತೆ ಅಂಟಿಕೊಳ್ಳುತ್ತದೆ, ಆಗ ತೆಗೆಯುವುದು ಮೂರು ಪಟ್ಟು ಕಷ್ಟ. ಮೊದಲ ಮಳೆಗಾಲಕ್ಕೆ ಮುಂಚೆ, ಎಸಿ ಚಾಲೂ ಮಾಡುವ ಮೊದಲೇ ತೆಗೆಸಬೇಕು. ಇಡೀ ಸೇವೆಯಲ್ಲಿ ಕಣ್ಣುಮುಚ್ಚಿ ‘ಮಾಡಿಸಿ’ ಎನ್ನಬಹುದಾದ ಸಂದರ್ಭ ಇದೊಂದೇ.

ಯಾರನ್ನೂ ಕರೆಯುವ ಮೊದಲು ಮನೆಯವರೇ ಕಾಲು ಗಂಟೆಯಲ್ಲಿ ಮಾಡಬಹುದಾದ ಪರೀಕ್ಷೆ ಇದೆ. ಎಸಿಯ ಎಂಸಿಬಿ ಇಳಿಸಿ. ಗ್ರಿಲ್ಲಿನ ನಾಲ್ಕು ಸ್ಕ್ರೂ ಬಿಚ್ಚಿ ಕೆಳಗಿಳಿಸಿ. ಏಣಿ ಹಿಡಿಯಲು ಒಬ್ಬರು ಬೇಕು. ಮೊಬೈಲಿನ ಟಾರ್ಚ್ ಹಚ್ಚಿ, ವಿಡಿಯೋ ಚಾಲೂ ಮಾಡಿ, ಕೈಯನ್ನು ಡಕ್ಟಿನೊಳಗೆ ಚಾಚಿ ನಾಲ್ಕೂ ಮಗ್ಗುಲು ನಿಧಾನವಾಗಿ ತಿರುಗಿಸಿ. ಕಡಿಮೆಯೆಂದರೆ ಎರಡು ಕೋಣೆಯ ಗ್ರಿಲ್ಲು, ಗಾಳಿ ಒಳಗೆಳೆಯುವ ರಿಟರ್ನ್ ಗ್ರಿಲ್ಲು, ಮತ್ತು ಯಂತ್ರದ ಕೆಳಗಿನ ಸರ್ವಿಸ್ ಬಾಗಿಲು ಇಷ್ಟನ್ನು ನೋಡಬೇಕು. ತೆಳ್ಳಗೆ ಬೂದಿ ಬಣ್ಣದ ಧೂಳಿನ ಪದರ ಇದ್ದರೆ ಚಿಂತೆಯಿಲ್ಲ, ಯಾವ ಮನೆಯ ಡಕ್ಟಿನಲ್ಲೂ ಅಷ್ಟು ಇರುತ್ತದೆ. ಡಕ್ಟಿಗೆ ಅಂಟಿ ಕೂತ ಧೂಳು ಕೋಣೆಗೆ ಬರುವುದಿಲ್ಲ.

ಇಲ್ಲಿ ಕಣ್ಣು ಮೋಸಹೋಗುವ ಜಾಗ ಒಂದಿದೆ. ಸುರತ್ಕಲ್, ಉಳ್ಳಾಲ, ಮಲ್ಪೆ, ಕಾಪುವಿನಂಥ ಕಡಲ ಬದಿಯ ಮನೆಗಳಲ್ಲಿ ಜಿಐ ಡಕ್ಟಿನ ಒಳಮೈ ಮೇಲೆ ಸುಣ್ಣದ ಪುಡಿಯಂಥ ಬಿಳಿ ಮಚ್ಚೆ ಏಳುತ್ತದೆ. ಅದನ್ನು ತೋರಿಸಿ ‘ಫಂಗಸ್ ಬಂದಿದೆ’ ಎನ್ನುವವರಿದ್ದಾರೆ. ಅದು ಬೂಷ್ಟಲ್ಲ, ತಗಡಿನ ಮೇಲಿನ ಸತುವಿನ ಲೇಪ ನೀರಿನ ಪಸೆಗೆ ಕರಗಿ ಏಳುವ ಬಿಳಿ ತುಕ್ಕು. ಉಗುರಿನಿಂದ ಕೆರೆದರೆ ಒರಟಾಗಿ ಪುಡಿ ಉದುರುತ್ತದೆ, ವಾಸನೆ ಇರುವುದಿಲ್ಲ. ಅದನ್ನು ಗಡುಸು ಬ್ರಷ್ಷಿನಿಂದ ಉಜ್ಜಿಸಿದರೆ ಉಳಿದ ಸತುವೂ ಹೋಗಿ ಕೆಂಪು ತುಕ್ಕು ಬೇಗ ಬರುತ್ತದೆ. ಬೂಷ್ಟು ಕಪ್ಪೋ ಹಸಿರೋ ಬೂದಿಯೋ ಇದ್ದು ಚುಕ್ಕೆಚುಕ್ಕೆಯಾಗಿ ಹರಡಿರುತ್ತದೆ, ಮುಟ್ಟಿದರೆ ಮೆತ್ತಗೆ, ಒರೆಸಿದರೆ ಬಟ್ಟೆಗೆ ಬಳಿದುಕೊಳ್ಳುತ್ತದೆ, ಮಳೆಗಾಲದಲ್ಲಿ ಚಪ್ಪಲಿಯ ಮೇಲೆ ಬಂದಂಥದೇ ವಾಸನೆ. ಗ್ರಿಲ್ಲಿನ ಅಂಚಿನ ಕಪ್ಪು ಕಲೆ ಬರಿಯ ಕೊಳೆಯೋ ಬೂಷ್ಟೋ ಎಂದು ಸಂಶಯವಿದ್ದರೆ, ಬಿಚ್ಚಿ ಕೆಳಗಿಟ್ಟ ಗ್ರಿಲ್ಲಿನ ಮೇಲೆ, ಬಟ್ಟೆಗೆ ಹಾಕುವ ಬ್ಲೀಚನ್ನು ನೀರಿಗೆ ಬೆರೆಸಿ ಒಂದು ಹನಿ ಇಟ್ಟು ನೋಡಿ. ಒಂದೆರಡು ನಿಮಿಷದಲ್ಲಿ ಬಣ್ಣ ಮಾಸಿದರೆ ಬೂಷ್ಟಿನ ಸಂಭವ ಹೆಚ್ಚು. ಹೊಗೆಯ ಮಸಿಯೋ ಧೂಳೋ ಆದರೆ ಬಣ್ಣ ಹಾಗೇ ಇರುತ್ತದೆ. ಆದರೆ ಈ ಪರೀಕ್ಷೆಯನ್ನು ಕಾಯಿಲಿನ ಮೇಲೆ ಮಾಡಲೇಬಾರದು, ಬ್ಲೀಚು ಅಲ್ಯುಮಿನಿಯಂ ರೆಕ್ಕೆಗಳನ್ನು ತಿನ್ನುತ್ತದೆ. ಲ್ಯಾಬಿಗೆ ಮಾದರಿ ಕಳಿಸುವ ಪ್ಯಾಕೇಜಿಗೆ ದುಡ್ಡು ಹಾಕುವುದೂ ಬೇಡ. ಕಣ್ಣಿಗೆ ಕಾಣುವ ಬೂಷ್ಟನ್ನು, ಅದರ ಜಾತಿ ಯಾವುದೇ ಇರಲಿ, ತೆಗೆಯಲೇಬೇಕು.

ಗ್ರಿಲ್ಲಿನ ಸುತ್ತ ಸೀಲಿಂಗ್ ಮೇಲೆ ಮೂಡುವ ಕಪ್ಪು ಉಂಗುರದ ಬಗ್ಗೆ ಒಂದು ಮಾತು. ಒದ್ದೆ ಬಟ್ಟೆಯಿಂದ ಒರೆಸಿ, ತಾರೀಕು ಬರೆದಿಡಿ. ತಿಂಗಳುಗಟ್ಟಲೆ ಬಿಟ್ಟು ಬಂದರೆ ಅದು ಧೂಳು. ವಾರದೊಳಗೆ ಮರಳಿ ಬಂದರೆ, ಮುಟ್ಟಿದಾಗ ಬೋರ್ಡು ತಣ್ಣಗೆ ಮೆತ್ತಗೆ ಅನ್ನಿಸಿದರೆ, ಕಾಲರ್ ಬೆವರುತ್ತಿದೆ ಎಂದರ್ಥ. ಅದಕ್ಕೆ ಡಕ್ಟ್ ಕ್ಲೀನಿಂಗ್ ಮದ್ದಲ್ಲ. ಗ್ರಿಲ್ಲು ಬಿಚ್ಚಿ, ಕಾಲರಿನ ಹೊರಮೈ ಒಣಗಿಸಿ, 19 ಮಿ.ಮೀ. ನೈಟ್ರೈಲ್ ಪಟ್ಟಿಯನ್ನು ಅಂಟು ಬಳಿದು ಸುತ್ತಿ, ಕೂಡುವ ಅಂಚಿಗೆ ಟೇಪು ಹಾಕಿಸಬೇಕು. ಅಂಟು ಬಳಿಯದೆ ಬರೀ ಟೇಪಿನಲ್ಲಿ ನಿಲ್ಲಿಸಿದ ಇನ್ಸುಲೇಷನ್ ಕರಾವಳಿಯಲ್ಲಿ ಒಂದು ಮಳೆಗಾಲ ದಾಟುವುದು ಕಷ್ಟ. ಪಸೆಗೆ ಟೇಪಿನ ಅಂಚು ಸುರುಳಿ ಸುತ್ತಿ ಎದ್ದುಬಿಡುತ್ತದೆ.

ಈಗ ಸೇವೆಯ ವಿಷಯ. ‘ಡಕ್ಟ್ ಕ್ಲೀನಿಂಗ್’ ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಕೆಲಸಗಳು ಮಾರಾಟವಾಗುತ್ತವೆ, ದರ ಕೇಳುವಾಗ ಯಾವುದೆಂದು ಬಿಡಿಸಿ ಕೇಳಬೇಕು.

ಅಗ್ಗದ್ದು ಫಾಗಿಂಗ್. ಒಬ್ಬರು ಬಂದು ರಿಟರ್ನ್ ಗ್ರಿಲ್ಲಿನ ಬಳಿ ಔಷಧದ ಹೊಗೆ ಬಿಟ್ಟು, ಫ್ಯಾನ್ ಓಡಿಸಿ, ಅರ್ಧ ಗಂಟೆಯಲ್ಲಿ ಮುಗಿಸಿ ಹೋಗುತ್ತಾರೆ. ನಿಂಬೆಹುಲ್ಲಿನ ಪರಿಮಳ ಎರಡು ದಿನ ಇರುತ್ತದೆ. ಇದನ್ನು ಕ್ಲೀನಿಂಗ್ ಎನ್ನುವುದೇ ತಪ್ಪು. ಕೊಳೆ ಇದ್ದಲ್ಲೇ ಇರುತ್ತದೆ; ಸತ್ತ ಬೂಷ್ಟೂ ಅಲರ್ಜಿ ಇರುವವರನ್ನು ಕಾಡುವುದು ಬಿಡುವುದಿಲ್ಲ; ಔಷಧದ ತೇವ ಇನ್ನಷ್ಟು ಧೂಳನ್ನು ಅಂಟಿಸಿಕೊಳ್ಳುತ್ತದೆ. ಮನೆಯಲ್ಲಿ ದಮ್ಮು ಇರುವವರು, ಪುಟ್ಟ ಮಕ್ಕಳು ಇದ್ದರಂತೂ ಏನು ಔಷಧ ಎಂದು ಲೇಬಲ್ ಓದದೆ ಒಳಗೆ ಬಿಡಲೇಬಾರದು. ಓಝೋನ್ ಯಂತ್ರ ಇಡುತ್ತೇವೆ ಎಂದರೆ ಬೇಡ ಎನ್ನಿ, ಓಝೋನ್ ಶ್ವಾಸಕೋಶಕ್ಕೆ ಕೆಟ್ಟದ್ದು.

ಎರಡನೆಯದು ಗ್ರಿಲ್ಲು ತೆಗೆದು ವ್ಯಾಕ್ಯೂಮ್ ಪೈಪು ತೂರಿಸಿ ಕೈಗೆಟಕುವಷ್ಟು ಹೀರುವುದು. ಗ್ರಿಲ್ಲಿನಿಂದ ಮೂರು ನಾಲ್ಕು ಅಡಿ ಚೆನ್ನಾಗಿ ಆಗುತ್ತದೆ, ಅದರಾಚೆ ಇಲ್ಲ. ಹೊಸ ಮನೆಯ ಜಿಪ್ಸಮ್ ಪುಡಿ ಬಾಯಲ್ಲಷ್ಟೇ ಬಿದ್ದಿದ್ದರೆ ಇಷ್ಟು ಸಾಕು. ಬೂಷ್ಟಿಗೂ ಇಲಿಯ ಹಿಕ್ಕೆಗೂ ಸಾಲದು. ಸಾಮಾನ್ಯ ಮನೆಬಳಕೆಯ ವ್ಯಾಕ್ಯೂಮ್ ತಂದರೆ ಇನ್ನೂ ಅಪಾಯ. ಸೂಕ್ಷ್ಮ ಕಣಗಳು ಹಿಂದಿನಿಂದ ಹೊರಬಂದು ಮಂಚ, ಸೋಫಾದ ಮೇಲೆ ಕೂರುತ್ತವೆ. ಅಂಥ ಸೂಕ್ಷ್ಮ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವ ಯಂತ್ರವೇ ಬೇಕು.

ಮೂರನೆಯದು ನಿಜವಾದ ಕೆಲಸ. ಗುರುತು ಹಿಡಿಯುವುದು ಸುಲಭ: ದೊಡ್ಡ ಹೀರುಯಂತ್ರ, ಅಂದರೆ ನೆಗೆಟಿವ್ ಏರ್ ಮೆಷಿನ್, ಮನೆಯೊಳಗೆ ಬರಬೇಕು. ಅದನ್ನು ಒಂದು ದಪ್ಪ ಕೊಳವೆಯಿಂದ ಡಕ್ಟಿನ ಮುಖ್ಯ ಸಾಲಿಗೆ ಜೋಡಿಸಿ, ಉಳಿದ ಎಲ್ಲ ಗ್ರಿಲ್ಲುಗಳ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ, ಇಡೀ ಡಕ್ಟಿನ ಗಾಳಿ ಯಂತ್ರದ ಕಡೆಗೇ ಎಳೆಯುವಂತೆ ಮಾಡುತ್ತಾರೆ. ಆಮೇಲೆ ಒಂದೊಂದೇ ಗ್ರಿಲ್ಲು ತೆರೆದು, ದೂರದ ಕೋಣೆಯಿಂದ ಶುರುಮಾಡಿ, ತಿರುಗುವ ಬ್ರಷ್ಷಿನಿಂದಲೋ ಕಂಪ್ರೆಸರ್ ಗಾಳಿಯ ಚಾಟಿಯಿಂದಲೋ ಕೊಳೆ ಬಿಡಿಸುತ್ತಾ ಯಂತ್ರದ ಕಡೆಗೆ ಬರುತ್ತಾರೆ. ನೇರ ದಾರಿ ಸಿಗದ ಕಡೆ ಡಕ್ಟಿಗೆ 8–12 ಇಂಚಿನ ಕಿಂಡಿ ಕೊಯ್ಯಬೇಕಾಗುತ್ತದೆ. ಕೊಯ್ದ ಕಿಂಡಿಯನ್ನು ಗ್ಯಾಸ್ಕೆಟ್ ಇಟ್ಟು ತಗಡಿನ ಮುಚ್ಚಳ ಸ್ಕ್ರೂ ಮಾಡಿ, ಮೇಲೆ ಅಷ್ಟೇ ದಪ್ಪದ ಇನ್ಸುಲೇಷನ್ ಅಂಟಿಸಿ ಮುಚ್ಚಬೇಕು. ಎಷ್ಟೋ ಕೆಲಸ ಕೆಡುವುದು ಈ ಕೊನೆಯ ಹಂತದಲ್ಲೇ. ಬರೀ ಟೇಪು ಹಚ್ಚಿ ಮುಚ್ಚಿದ ಕಿಂಡಿ ಮುಂದಿನ ಮೇ ತಿಂಗಳಲ್ಲಿ ಹೊಸ ಬೆವರಿನ ಜಾಗವಾಗುತ್ತದೆ. ಕ್ಲೀನ್ ಮಾಡಿಸಿದ್ದರಿಂದಲೇ ಸೀಲಿಂಗ್ ಹಾಳಾಯಿತು ಎನ್ನುವಂತಾಗುತ್ತದೆ. ಎಂಟು ಹತ್ತು ಗ್ರಿಲ್ಲುಗಳಿರುವ ಮನೆಗೆ ಇಷ್ಟೆಲ್ಲ ಮಾಡಲು ಇಬ್ಬರು ಮೂವರಿಗೆ ಅರ್ಧ ದಿನವಾದರೂ ಬೇಕು. ಒಂದೂವರೆ ಗಂಟೆಯಲ್ಲಿ ಮುಗಿಸುತ್ತೇವೆ ಎಂದರೆ ಅವರು ಮಾಡುವುದು ಎರಡನೆಯ ಕೆಲಸ.

ಎಲ್ಲ ಡಕ್ಟಿಗೂ ಬ್ರಷ್ಷು ಸಲ್ಲದು. ಫ್ಲೆಕ್ಸಿಬಲ್ ಡಕ್ಟಿನ ಒಳಪೊರೆ ಕಾಗದದಷ್ಟು ತೆಳು, ಗಡುಸು ಬ್ರಷ್ಷು ಬಿದ್ದರೆ ಹರಿದು ಒಳಗಿನ ಉಣ್ಣೆ ಗಾಳಿಗೆ ಬರುತ್ತದೆ. ಅಂಥ ತುಂಡಿಗೆ ಬೂಷ್ಟು ಹಿಡಿದಿದ್ದರೆ ಕಿತ್ತು ಹೊಸದು ಹಾಕಿಸುವುದೇ ದಾರಿ. ಹೊಸದು ಹಾಕುವಾಗ ಜೋತುಬೀಳದಂತೆ ಪಟ್ಟಿ ಕೊಟ್ಟು ನೇರ ಎಳೆಸಿ, ಜೋತುಬಿದ್ದ ಹೊಟ್ಟೆಯಲ್ಲೇ ನೀರು ನಿಲ್ಲುವುದು. ಪ್ಲೀನಮ್ಮಿನ ಒಳಗೆ ಅಂಟಿಸಿದ ಗ್ಲಾಸ್ ವುಲ್ ಕಪ್ಪಾಗಿದ್ದರೂ ಅಷ್ಟೇ: ತೊಳೆದು ಸರಿಮಾಡುತ್ತೇವೆ, ಮೇಲೆ ಬಣ್ಣದಂಥ ಲೇಪ ಹೊಡೆಯುತ್ತೇವೆ ಎಂದರೆ ಒಪ್ಪಬೇಡಿ. ಚಂಡಿಯಾಗಿ ಬೂಷ್ಟು ಹಿಡಿದ ಉಣ್ಣೆಯನ್ನು ಕ್ಲೀನ್ ಮಾಡಲು ಬರುವುದಿಲ್ಲ, ತೆಗೆದು ಬಿಸಾಡಬೇಕು. ಇದನ್ನು ತಾನಾಗಿ ಹೇಳುವ ಮೆಕ್ಯಾನಿಕ್ ಸಿಕ್ಕಿದರೆ ಅವರ ನಂಬರನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಇಲಿಯ ಹಿಕ್ಕೆ ಕಂಡರೆ ಕ್ಲೀನಿಂಗ್ ಎರಡನೆಯ ಹೆಜ್ಜೆ, ದಾರಿ ಮುಚ್ಚುವುದು ಮೊದಲನೆಯದು. ಚಿಕ್ಕ ಇಲಿಗೆ 6 ಮಿ.ಮೀ. ಸಂದು ಸಾಕು. ತಾಮ್ರದ ಪೈಪು ಗೋಡೆ ದಾಟುವ ತೂತು, ಡ್ರೈನ್ ಪೈಪಿನ ಸುತ್ತ, ಹಂಚಿನ ಮಾಡು ಗೋಡೆಗೆ ಸೇರುವ ಅಂಚು ಇವೇ ಬಾಗಿಲು. ಬರೀ ಫೋಮ್ ತುಂಬಿಸಿದರೆ ಕಡಿದು ಬರುತ್ತದೆ. ತಂತಿಬಲೆ ತುರುಕಿ ಮೇಲೆ ಸಿಮೆಂಟ್ ಕೊಡಬೇಕು. ಗ್ರಿಲ್ಲಿನ ಬಳಿ ಸಿಗುವ ಹಿಕ್ಕೆಯನ್ನು ಒಣಗಿದ್ದ ಹಾಗೇ ಗುಡಿಸಬಾರದು. ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಸಿಂಪಡಿಸಿ, ಐದು ನಿಮಿಷ ಬಿಟ್ಟು, ಗ್ಲೌಸ್ ಹಾಕಿ ಕಾಗದದಲ್ಲಿ ಎತ್ತಬೇಕು. ಫಾಲ್ಸ್ ಸೀಲಿಂಗಿನ ಒಳಜಾಗವನ್ನೇ ರಿಟರ್ನ್ ದಾರಿಯಾಗಿ ಬಳಸಿದ ಮನೆಗಳಲ್ಲಿ, ಅಂದರೆ ರಿಟರ್ನ್ ಗ್ರಿಲ್ಲಿಗೆ ಡಕ್ಟು ಜೋಡಿಸದೆ ಹಾಗೇ ಬಿಟ್ಟಲ್ಲಿ, ಸೀಲಿಂಗ್ ಒಳಗಿನ ಇಲಿ, ಹಲ್ಲಿ, ಧೂಳು, ಪಸೆ ಎಲ್ಲವನ್ನೂ ಯಂತ್ರ ಎಳೆದುಕೊಳ್ಳುತ್ತದೆ. ಅಲ್ಲಿ ಎಷ್ಟು ಸಲ ಕ್ಲೀನ್ ಮಾಡಿಸಿದರೂ ಪ್ರಯೋಜನವಿಲ್ಲ. ಆ ದುಡ್ಡಿನಲ್ಲಿ ರಿಟರ್ನಿಗೊಂದು ಡಕ್ಟು ಕಟ್ಟಿಸಿ.

ಕಾಯಿಲ್, ಬ್ಲೋವರ್, ಟ್ರೇ ಮುಟ್ಟದ ಡಕ್ಟ್ ಕ್ಲೀನಿಂಗಿಗೆ ನಮ್ಮ ಹವೆಯಲ್ಲಿ ಒಂದು ರೂಪಾಯಿಯನ್ನೂ ಕೊಡಬಾರದು ಎಂಬುದು ಖಚಿತ ಅಭಿಪ್ರಾಯ. ವಾಸನೆ ಹುಟ್ಟುವುದು ಬಹುಮಟ್ಟಿಗೆ ಅಲ್ಲೇ. ಗಾಳಿಯ ರಭಸ ಕಡಿಮೆಯಾಗಿದೆ ಎಂಬ ದೂರಿಗೂ ಮೊದಲು ನೋಡಬೇಕಾದದ್ದು ಫಿಲ್ಟರ್, ಆಮೇಲೆ ಕಾಯಿಲ್, ಆಮೇಲೆ ಬ್ಲೋವರಿನ ಅಲಗುಗಳ ನಡುವೆ ಕಟ್ಟಿಕೊಂಡ ಕೊಳೆ. ಡಕ್ಟಿನ ಧೂಳು ಕೊನೆಯ ಗುಮಾನಿ. ‘ಗ್ಯಾಸ್ ಕಮ್ಮಿ ಆಗಿದೆ’ ಎಂದರೆ ಸೋರಿಕೆ ಎಲ್ಲಿದೆ ತೋರಿಸಿ ಎನ್ನಿ, ಗ್ಯಾಸು ಸವೆದು ಮುಗಿಯುವ ವಸ್ತುವಲ್ಲ. ಕಾಯಿಲಿಗೆ ಆ್ಯಸಿಡ್ ಹಾಕಬಾರದು; ಉಪ್ಪುಗಾಳಿಗೆ ಮೊದಲೇ ಸೊರಗಿದ ಅಲ್ಯುಮಿನಿಯಂ ರೆಕ್ಕೆ ಪುಡಿಯಾಗುತ್ತದೆ. ಆ್ಯಸಿಡ್ ಇಲ್ಲದ ಕಾಯಿಲ್ ಕ್ಲೀನರ್ ಸಿಂಪಡಿಸಿ, ಕಡಿಮೆ ಒತ್ತಡದ ನೀರಿನಲ್ಲಿ, ಟ್ರೇಗೆ ಇಳಿಯುವ ನೀರು ತಿಳಿಯಾಗುವ ತನಕ ತೊಳೆಯಬೇಕು.

ಟ್ರೇಯಲ್ಲಿ ನೀರು ನಿಲ್ಲಲೇಬಾರದು. ಒಂದು ಲೀಟರ್ ನೀರು ಸುರಿದು ನೋಡಿ, ಒಂದೆರಡು ನಿಮಿಷದಲ್ಲಿ ಬರಿದಾಗಬೇಕು. ಡ್ರೈನ್ ಪೈಪಿಗೆ ಮೀಟರಿಗೆ ಕನಿಷ್ಠ ಒಂದು ಸೆಂ.ಮೀ. ಇಳಿಜಾರು ಬೇಕು. ಬ್ಲೋವರ್ ಕಾಯಿಲಿನಾಚೆ ನಿಂತು ಗಾಳಿ ಎಳೆಯುವ ಮಾದರಿಯಾದರೆ ಡ್ರೈನ್ ಪೈಪಿನಲ್ಲಿ ಯು ಆಕಾರದ ಟ್ರ್ಯಾಪ್ (ಸ್ವಲ್ಪ ನೀರು ಸದಾ ನಿಲ್ಲುವ ಬಾಗು) ಕಡ್ಡಾಯ, ಇಲ್ಲದಿದ್ದರೆ ಆ ಎಳೆತವೇ ನೀರನ್ನು ಪೈಪಿಗೆ ಇಳಿಯದಂತೆ ತಡೆದು ಟ್ರೇ ತುಂಬಿಸುತ್ತದೆ. ಇನ್ನೊಂದು ಸರಳ ಅಳತೆ: ಸೆಕೆಯ ದಿನ ಡ್ರೈನ್ ಪೈಪಿನ ಹೊರಬಾಯಿಗೆ ಬಕೆಟ್ ಇಟ್ಟು ಒಂದು ಗಂಟೆ ಎಸಿ ಓಡಿಸಿ. ಒಂದೂವರೆ ಟನ್ನಿನ ಯಂತ್ರ ಒಂದೂವರೆಯಿಂದ ಎರಡು ಲೀಟರ್ ನೀರು ಕೊಡಬೇಕು. ಅರ್ಧ ಲೀಟರೂ ಬರದಿದ್ದರೆ ಆ ನೀರು ಮನೆಯೊಳಗೇ ಎಲ್ಲೋ ಉಳಿಯುತ್ತಿದೆ, ಇಲ್ಲವೇ ಯಂತ್ರ ತೇವ ಹಿಡಿಯುತ್ತಲೇ ಇಲ್ಲ.

ಮಾಡಿಸುವ ಕಾಲ ಯಾವುದು? ಬೂಷ್ಟು ಕಂಡಿದ್ದರೆ ದೀಪಾವಳಿ ಕಳೆದು ಫೆಬ್ರವರಿಯೊಳಗೆ. ಮಳೆಗಾಲದ ಪಸೆ ಇಳಿದಿರುತ್ತದೆ, ತೊಳೆದದ್ದು ಒಣಗುತ್ತದೆ, ಕಿಂಡಿ ಮುಚ್ಚಿದ ಅಂಟು ಹಿಡಿಯುತ್ತದೆ. ಜೂನ್–ಜುಲೈಯಲ್ಲಿ ಮಾಡಿಸಿದರೆ ಒಣಗಿಸುವ ಗಾಳಿಯೇ ಶೇ. 90 ತೇವದ್ದು. ಎಪ್ರಿಲ್–ಮೇಯಲ್ಲಿ ಎಲ್ಲರ ಮನೆಯ ಎಸಿಯೂ ಒಟ್ಟಿಗೆ ಕೆಡುವ ಹೊತ್ತು, ಕೆಲಸದವರಿಗೆ ಪುರುಸೊತ್ತಿರುವುದಿಲ್ಲ, ಅವಸರದ ಕೆಲಸ ಆಗುತ್ತದೆ. ಕಾಯಿಲ್–ಟ್ರೇ ಸರ್ವಿಸ್ ಮಾತ್ರ ವರ್ಷಕ್ಕೆ ಎರಡು ಸಲ ಬೇಕು: ಸೆಕೆ ಶುರುವಾಗುವ ಮೊದಲು ಫೆಬ್ರವರಿ–ಮಾರ್ಚಿನಲ್ಲಿ ಒಮ್ಮೆ, ಮಳೆ ಬಿಟ್ಟ ಮೇಲೆ ಅಕ್ಟೋಬರಿನಲ್ಲಿ ಒಮ್ಮೆ. ಇನ್ಸುಲೇಷನ್ ರಿಪೇರಿ ಇದ್ದರೆ ಪತ್ತನಾಜೆಯೊಳಗೆ, ಅಂದರೆ ಮೇ ಕೊನೆಯ ವಾರದೊಳಗೆ ಮುಗಿಸಿಕೊಳ್ಳಿ.

ಫಿಲ್ಟರ್ ಹದಿನೈದು ದಿನಕ್ಕೊಮ್ಮೆ ತೊಳೆಯಬೇಕೆಂಬುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು, ಬಟ್ಟೆಯೇ ಒಣಗದ ಆಟಿ ತಿಂಗಳಲ್ಲಿ ಅರೆಚಂಡಿ ಫಿಲ್ಟರನ್ನು ಹಾಕಿಬಿಟ್ಟರೆ ಅದೇ ಬೂಷ್ಟಿನ ಬೀಜ ಎಂಬುದು. ಎರಡು ಜೊತೆ ಫಿಲ್ಟರ್ ತೆಗೆದಿಟ್ಟುಕೊಳ್ಳಿ. ಒಂದು ತೊಳೆದು ನೆರಳಲ್ಲಿ ಪೂರ್ತಿ ಒಣಗುವಾಗ ಇನ್ನೊಂದು ಯಂತ್ರದಲ್ಲಿರಲಿ.

ಗಲ್ಫಿನಲ್ಲೋ ಮುಂಬೈಯಲ್ಲೋ ಇದ್ದು ಮಳೆಗಾಲವಿಡೀ ಮನೆಗೆ ಬೀಗ ಹಾಕುವವರ ಡಕ್ಟುಗಳು ಎಲ್ಲಕ್ಕಿಂತ ಬೇಗ ಕೆಡುತ್ತವೆ. ಅವರಿಗೆ ಕ್ಲೀನಿಂಗಿಗಿಂತ ಹೊರಡುವ ದಿನದ ತಯಾರಿ ಹೆಚ್ಚು ಉಪಕಾರ. ಎಸಿ ನಿಲ್ಲಿಸುವ ಮೊದಲು ಕಂಪ್ರೆಸರ್ ಇಲ್ಲದೆ ಬರೀ ಫ್ಯಾನ್ ಒಂದೆರಡು ಗಂಟೆ ಓಡಿಸಿ ಕಾಯಿಲ್ ಒಣಗಿಸಿ. ಆಗ ಕಿಟಕಿ ತೆರೆದಿರಲಿ. ಟ್ರೇ ಒರೆಸಿ. ಫಿಲ್ಟರ್ ತೊಳೆದು ಒಣಗಿಸಿ ಹಾಕಿ. ಟ್ರ್ಯಾಪಿನ ನೀರು ಆರಿದರೆ ಚರಂಡಿಯ ವಾಸನೆಯೂ ಹುಳವೂ ಆ ದಾರಿಯಲ್ಲಿ ಡಕ್ಟಿಗೆ ಬರುತ್ತವೆ; ಹುಳ ತಡೆಯಲು ಡ್ರೈನಿನ ಹೊರಬಾಯಿಗೆ ಸಣ್ಣ ಜಾಲರಿ ಕಟ್ಟಿ. ಮನೆ ನೋಡಿಕೊಳ್ಳುವವರಿಗೆ ವಾರಕ್ಕೊಮ್ಮೆ ಎರಡು ಮೂರು ಗಂಟೆ ಎಸಿ ಓಡಿಸಿ, ನಿಲ್ಲಿಸುವಾಗ ಕೊನೆಗೆ ಸ್ವಲ್ಪ ಹೊತ್ತು ಫ್ಯಾನ್ ಬಿಡಲು ಹೇಳಿ. ಬಿಸಿಲು ಬಿದ್ದ ದಿನ ಕಿಟಕಿ ತೆರೆದರೆ ಸಾಕು, ಮಳೆ ಹೊಯ್ಯುವಾಗ ‘ಗಾಳಿ ಆಡಲಿ’ ಎಂದು ತೆರೆದಿಡುವುದು ಪಸೆಯನ್ನು ಒಳಗೆ ಕರೆದಂತೆ. ಅನುಕೂಲ ಇದ್ದವರು ಶೇ. 55ಕ್ಕೆ ಹೊಂದಿಸಿದ ಡಿಹ್ಯುಮಿಡಿಫೈಯರ್ ಇಟ್ಟು, ಅದರ ನೀರನ್ನು ಪೈಪಿನಲ್ಲಿ ಬಚ್ಚಲಿಗೆ ಬಿಡಬಹುದು.

ಕೆಲಸ ಒಪ್ಪಿಸುವಾಗ ದರವನ್ನು ‘ಇಡೀ ಮನೆಗೆ ಇಷ್ಟು’ ಎಂದು ತೆಗೆದುಕೊಳ್ಳಬೇಡಿ. ಎಷ್ಟು ಗ್ರಿಲ್ಲು, ಎಷ್ಟು ಅಡಿ ಡಕ್ಟು, ಎಷ್ಟು ಕಿಂಡಿ, ಕಾಯಿಲ್–ಬ್ಲೋವರ್–ಟ್ರೇ ಸೇರಿದೆಯೋ ಇಲ್ಲವೋ, ಕಿಂಡಿ ಮುಚ್ಚುವ ಇನ್ಸುಲೇಷನ್ ಯಾರ ಖರ್ಚು, ಇವನ್ನು ಬರೆಸಿಕೊಂಡ ಮೇಲೆಯೇ ಇಬ್ಬರು ಮೂವರ ದರ ಹೋಲಿಸಲು ಬರುತ್ತದೆ. ಮೊದಲಿನ ಮತ್ತು ನಂತರದ ವಿಡಿಯೋ ಅದೇ ಜಾಗದ್ದು, ಅದೇ ಕೋನದ್ದು ಇರಬೇಕು. ಡಕ್ಟಿನ ಯಾವುದಾದರೊಂದು ಜೋಡಣೆ ಎರಡರಲ್ಲೂ ಕಾಣುವಂತೆ ಕೇಳಿ, ಬೇರೆ ಮನೆಯ ವಿಡಿಯೋ ತೋರಿಸಲು ಆಗ ದಾರಿಯಿರುವುದಿಲ್ಲ. ಕೆಲಸ ಮುಗಿದ ಮೇಲೆ ಒಂದು ಹಳೆಯ ಬಿಳಿ ಪಂಚೆಯ ತುಂಡಿನಿಂದ ಡಕ್ಟಿನ ಒಳಮೈ ಒರೆಸಿ ನೋಡಿ. ಸ್ವಲ್ಪ ಬೂದಿ ಬಣ್ಣ ಹತ್ತಿದರೆ ಸರಿ, ಹಿಡಿಯಷ್ಟು ಬಂದರೆ ಮತ್ತೆ ಮಾಡಿಸಿ.

ಆಮೇಲೆ ಎರಡು ದಿನ 24 ಡಿಗ್ರಿಯಲ್ಲಿ, ಫ್ಯಾನ್ ಆಟೋದಲ್ಲಿಟ್ಟು ಓಡಿಸಿ. ತೇವ ಅಳೆಯುವ ಪುಟ್ಟ ಹೈಗ್ರೋಮೀಟರ್ ಒಂದನ್ನು ಮಲಗುವ ಕೋಣೆಯಲ್ಲಿಡಿ. ಎಸಿ ಓಡುವಾಗ ಅದು ಶೇ. 60ರ ಕೆಳಗೆ ನಿಲ್ಲಬೇಕು. ನಿಂತರೆ ಡಕ್ಟಿನ ಬಗ್ಗೆ ವರ್ಷಗಟ್ಟಲೆ ಯೋಚಿಸಬೇಕಾಗಿಲ್ಲ. 65, 70ಕ್ಕೆ ಏರುತ್ತಲೇ ಇದ್ದರೆ ಬಿಲ್ಲಿನ ಉಳಿದ ಹಣ ಕೊಡುವ ಮೊದಲು ಅವರನ್ನು ವಾಪಸ್ಸು ಕರೆದು ಕಾಲರ್, ರಿಟರ್ನ್ ದಾರಿ, ಡ್ರೈನ್ ಮೂರನ್ನೂ ಎದುರಿನಲ್ಲೇ ತೆರೆಸಿ ನೋಡಿ.